ಪದದ ಹಿಂದೆ ಜಾತಿ ಇದೆಯೇ? ಉದಯನನ ಆರು ಬಾಧಕಗಳನ್ನು ಬಳಸುವ ಕ್ರಮ

ಒಂದೊಂದು ಮಡಕೆಯೂ ಬೇರೆ ಬೇರೆ. ಆದರೂ ಕಂಡದ್ದಕ್ಕೆಲ್ಲ "ಇದು ಮಡಕೆ, ಇದೂ ಮಡಕೆ" ಎಂಬ ಒಂದೇ ಆಕಾರದ ಅರಿವು ಹುಟ್ಟುತ್ತದೆ. ನ್ಯಾಯ-ವೈಶೇಷಿಕ ದರ್ಶನ ಇದನ್ನು ಅನುಗತಪ್ರತೀತಿ ಎಂದು ಕರೆದು, ಅದಕ್ಕೆ ಆಧಾರವಾಗಿ ಎಲ್ಲ ಮಡಕೆಗಳಲ್ಲಿಯೂ ಇರುವ ಘಟತ್ವವೆಂಬ ಒಂದೇ ಧರ್ಮವನ್ನು, ಅಂದರೆ ವಸ್ತುವಿನಲ್ಲಿರುವ ಒಂದು ಲಕ್ಷಣವನ್ನು, ಒಪ್ಪುತ್ತದೆ. ಈ ಧರ್ಮಕ್ಕೆ ಸಾಮಾನ್ಯವೆಂದೂ ಜಾತಿಯೆಂದೂ ಹೆಸರು. ಅದು ಇರುವ ಒಂದೊಂದು ವಸ್ತುವೂ ವ್ಯಕ್ತಿ. ಆದರೆ ಭಾಷೆಯಲ್ಲಿ ಎಷ್ಟು ಪದಗಳಿವೆಯೋ ಅಷ್ಟು ಜಾತಿಗಳಿವೆ ಎಂದು ಒಪ್ಪಿಬಿಟ್ಟರೆ ಸಿದ್ಧಾಂತಕ್ಕೆ ಲಗಾಮೇ ಉಳಿಯುವುದಿಲ್ಲ. ಹತ್ತು-ಹನ್ನೊಂದನೆಯ ಶತಮಾನದ ಉದಯನಾಚಾರ್ಯನು ಪ್ರಶಸ್ತಪಾದನ ಗ್ರಂಥಕ್ಕೆ ಬರೆದ 'ಕಿರಣಾವಳಿ' ಎಂಬ ವ್ಯಾಖ್ಯಾನದಲ್ಲಿ ಈ ಲಗಾಮನ್ನು ಒಂದೇ ಶ್ಲೋಕದಲ್ಲಿ ಹಿಡಿದಿಟ್ಟಿದ್ದಾನೆ:

ವ್ಯಕ್ತೇರಭೇದಸ್ತುಲ್ಯತ್ವಂ ಸಂಕರೋಽಥಾನವಸ್ಥಿತಿಃ |
ರೂಪಹಾನಿರಸಂಬಂಧೋ ಜಾತಿಬಾಧಕಸಂಗ್ರಹಃ ||

ವ್ಯಕ್ತ್ಯಭೇದ, ತುಲ್ಯತ್ವ, ಸಂಕರ, ಅನವಸ್ಥೆ, ರೂಪಹಾನಿ, ಅಸಂಬಂಧ ಈ ಆರೂ ಜಾತಿಬಾಧಕಗಳು, ಅಂದರೆ ಒಂದು ಧರ್ಮವನ್ನು ಜಾತಿಯೆಂದು ಒಪ್ಪದಂತೆ ತಡೆಯುವ ಕಾರಣಗಳು. ತರ್ಕಶಾಸ್ತ್ರ ಕಲಿಯುವವರು ಸಾಮಾನ್ಯವಾಗಿ ಈ ಶ್ಲೋಕವನ್ನು ವಿಶ್ವನಾಥನ 'ನ್ಯಾಯಸಿದ್ಧಾಂತಮುಕ್ತಾವಳಿ'ಯಲ್ಲಿ ಎದುರುಗೊಂಡು, ಆರು ಬಾಧಕಗಳಿಗೆ ಆರು ಉದಾಹರಣೆಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಉದಾಹರಣೆಗಳನ್ನು ಒಪ್ಪಿಸುವುದಕ್ಕೂ ಬಾಧಕಗಳನ್ನು ಬಳಸುವುದಕ್ಕೂ ಬಹಳ ಅಂತರವಿದೆ. ನಮ್ಮ ಸುತ್ತಲಿನ ಮಡಕೆ, ಬಟ್ಟೆ, ಕುರ್ಚಿ, ನೋಟುಗಳ ಮೇಲೆ ಈ ಪರೀಕ್ಷೆಯನ್ನು ನಡೆಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಶ್ಲೋಕದಲ್ಲಿರುವ ಅನುಕ್ರಮ ಛಂದಸ್ಸಿಗೆ ಹೊಂದಿಕೊಂಡದ್ದು. ಕೆಲಸಕ್ಕೆ ಬೇರೆಯದೇ ಅನುಕ್ರಮ ಅನುಕೂಲವೆಂಬುದು ನನ್ನ ಅಭಿಪ್ರಾಯ.

ಮೊದಲು ಅರಿವನ್ನು ನೋಡಿಕೊಳ್ಳಿ

ಒಂದು ಪದವನ್ನು ಆರಿಸಿಕೊಂಡು ಅದಕ್ಕೆ "-ತ್ವ" ಸೇರಿಸಿ ಬರೆದುಕೊಳ್ಳಿ. ಆಮೇಲೆ, ಬಾಧಕಗಳ ಬಳಿಗೆ ಹೋಗುವ ಮುನ್ನವೇ, ಇಂಥ ಒಂದು ಧರ್ಮವನ್ನು ಕಲ್ಪಿಸಲು ಕಾರಣವಾದ ಅನುಗತಪ್ರತೀತಿ ನಿಜಕ್ಕೂ ಇದೆಯೇ ಎಂದು ಕೇಳಿಕೊಳ್ಳಿ. ಹಸುಗಳ ಪರಿಚಯವಿರುವವನಿಗೆ ಹೊಸದೊಂದು ಹಸುವನ್ನು ಕಂಡೊಡನೆ, ಯಾರೂ ಏನೂ ಹೇಳದೆಯೇ "ಇದು ಹಸು" ಎಂಬ ಅರಿವು ಬರುತ್ತದೆ. ಇನ್ನು ಕೆಲವು ಪದಗಳ ವಿಷಯದಲ್ಲಿ, ಮೊದಲು ಮತ್ತೊಬ್ಬರು ಮಾಹಿತಿ ಕೊಟ್ಟ ಹೊರತು ಆ ಅರಿವು ಹುಟ್ಟುವುದೇ ಇಲ್ಲ. ಬ್ರಾಹ್ಮಣತ್ವ ಜಾತಿಯೇ ಎಂಬ ಹಳೆಯ ವಿವಾದ ನಿಂತದ್ದು ಈ ಬಿಂದುವಿನಲ್ಲಿಯೇ. ತಂದೆತಾಯಿಯರ ತಿಳಿವಳಿಕೆಯ ನೆರವಿನಿಂದ ಅದು ಪ್ರತ್ಯಕ್ಷವಾಗಿಯೇ ಕಾಣುತ್ತದೆ ಎಂದು ಭಾಟ್ಟ ಮೀಮಾಂಸಕರು ವಾದಿಸಿದರು. ಪ್ರಾಭಾಕರ ಮೀಮಾಂಸಕರು ಅಂಥ ಜಾತಿಯನ್ನು ಒಪ್ಪಲಿಲ್ಲ. ಬೌದ್ಧರೂ ಜೈನ ತಾರ್ಕಿಕ ಪ್ರಭಾಚಂದ್ರನೂ ಅದನ್ನು ವಿಸ್ತಾರವಾಗಿ ಖಂಡಿಸಿದರು. ಎದುರಿಗೆ ನಿಂತ ಇಬ್ಬರು ಮನುಷ್ಯರಲ್ಲಿ ಮನುಷ್ಯತ್ವ ಕಾಣುವಂತೆ ಬೇರೆ ಯಾವುದೂ ಕಾಣುವುದಿಲ್ಲವಾದರೆ, ಆರು ಬಾಧಕಗಳವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಲಕ್ಷಣದ ಮೂರು ಭಾಗಗಳು

ಜಾತಿಯ ಲಕ್ಷಣವನ್ನು ಮುಕ್ತಾವಳಿಯು "ನಿತ್ಯತ್ವೇ ಸತಿ ಅನೇಕಸಮವೇತತ್ವಮ್" ಎಂದು ಹೇಳುತ್ತದೆ: ಅದು ನಿತ್ಯವಾಗಿರಬೇಕು, ಅನೇಕ ವ್ಯಕ್ತಿಗಳಲ್ಲಿರಬೇಕು, ಅವುಗಳಲ್ಲಿ ಸಮವಾಯ ಸಂಬಂಧದಿಂದ ಇರಬೇಕು. ಮೂರರಲ್ಲಿ ಯಾವುದನ್ನು ಬಿಟ್ಟರೂ ಬೇಡದ್ದೊಂದು ಒಳನುಗ್ಗುತ್ತದೆ. ನಿತ್ಯತ್ವವನ್ನು ಬಿಟ್ಟರೆ ಎರಡು ವಸ್ತುಗಳ ನಡುವಿನ ಸಂಯೋಗವೂ ಜಾತಿಯಾದೀತು, ಏಕೆಂದರೆ ಅದು ಎರಡರಲ್ಲಿಯೂ ಸಮವೇತವಾಗಿರುತ್ತದೆ. ಅನೇಕತ್ವವನ್ನು ಬಿಟ್ಟರೆ ಆಕಾಶದ ಪರಿಮಾಣ ಸೇರಿಕೊಳ್ಳುತ್ತದೆ. "ಸಮವೇತ" ಎನ್ನುವ ಬದಲು ಬರಿದೇ "ಇರುವುದು" ಎಂದರೆ ಅತ್ಯಂತಾಭಾವ ನುಸುಳುತ್ತದೆ. ಗಾಳಿಯಲ್ಲಿ ಬಣ್ಣವಿಲ್ಲದಿರುವಿಕೆ ನಿತ್ಯವೂ ಹೌದು, ಅನೇಕ ಕಡೆ ಇರುವುದೂ ಹೌದು.

ದಿನಬಳಕೆಯ ವಸ್ತುಗಳಿಗೆ ಬಂದಾಗ ಹೆಚ್ಚು ಕೆಲಸ ಮಾಡುವುದು ಮೂರನೆಯ ಭಾಗ. ಸಮವಾಯವೆಂದರೆ ಬಿಡಿಸಲಾಗದ ಸಂಬಂಧ. ವ್ಯಕ್ತಿ ಇರುವಷ್ಟು ಕಾಲವೂ ಜಾತಿ ಅದರಲ್ಲಿ ಇದ್ದೇ ಇರಬೇಕು, ನಡುವೆ ಬಿಟ್ಟುಹೋಗುವಂತಿಲ್ಲ. ಆದ್ದರಿಂದ, ವಸ್ತು ಇದ್ದಂತೆಯೇ ಇರುವಾಗ ಈ ಧರ್ಮ ಮಾತ್ರ ತೊಲಗಬಲ್ಲದೇ ಎಂದು ಕೇಳಿ ನೋಡಿ. 2016ರ ನವೆಂಬರ್ 8ರ ರಾತ್ರಿ ಐನೂರು ಮತ್ತು ಸಾವಿರ ರೂಪಾಯಿಯ ಹಳೆಯ ನೋಟುಗಳ ಚಲಾವಣೆ ರದ್ದಾದಾಗ ಬೀರುವಿನಲ್ಲಿದ್ದ ಕಾಗದದ ಒಂದು ಎಳೆಯೂ ಬದಲಾಗಲಿಲ್ಲ. ಚಲಾವಣೆಯ ಹಣವಾಗಿರುವಿಕೆ ಹೀಗೆ ವ್ಯಕ್ತಿಯನ್ನು ಬಿಟ್ಟುಹೋಗುವ ಧರ್ಮವಾದ್ದರಿಂದ ಅದು ಜಾತಿಯಲ್ಲ. ಅಡುಗೆಯವನ ಪಾಚಕತ್ವ, ಅಧ್ಯಾಪಕನ ಅಧ್ಯಾಪಕತ್ವ ಇವೂ ಇದೇ ವರ್ಗದವು. ಕೆಲಸದೊಂದಿಗಿನ ಸಂಬಂಧದಿಂದ ಬಂದ ಹೆಸರು ಆ ಸಂಬಂಧ ಕಡಿದಾಗ ಹೋಗುತ್ತದೆ.

ವರ್ಗವನ್ನು ಗುರುತಿಸಿದರೆ ಮೂರು ಬಾಧಕಗಳು ಒಟ್ಟಿಗೆ ಮುಗಿಯುತ್ತವೆ

ಈಗ ನಿಮ್ಮ ಪದ ಹೇಳುವ ವ್ಯಕ್ತಿಗಳು ಈ ದರ್ಶನ ಹೇಳುವ ಏಳು ಪದಾರ್ಥಗಳಲ್ಲಿ (ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಅಭಾವ ಎಂಬ ಮೂಲವರ್ಗಗಳಲ್ಲಿ) ಯಾವುದಕ್ಕೆ ಸೇರಿದವು ಎಂದು ನಿರ್ಧರಿಸಿ. ಜಾತಿ ಇರಲು ಸಾಧ್ಯವಿರುವುದು ದ್ರವ್ಯ, ಗುಣ, ಕರ್ಮ ಈ ಮೂರರಲ್ಲಿ ಮಾತ್ರ. ಉಳಿದ ನಾಲ್ಕನ್ನು ಶ್ಲೋಕದ ಕೊನೆಯ ಮೂರು ಬಾಧಕಗಳು ತಡೆಯುತ್ತವೆ. ಜಾತಿಗಳಲ್ಲಿಯೇ ಜಾತಿತ್ವವೆಂಬ ಇನ್ನೊಂದು ಜಾತಿಯನ್ನು ಒಪ್ಪಿದರೆ, ಅದನ್ನೂ ಒಳಗೊಂಡ ಮತ್ತೊಂದು ಬೇಕಾಗಿ ಕೊನೆಯೇ ಇಲ್ಲದಂತಾಗುತ್ತದೆ, ಇದು ಅನವಸ್ಥೆ. ನಿತ್ಯದ್ರವ್ಯಗಳನ್ನು ಒಂದರಿಂದೊಂದು ಬೇರ್ಪಡಿಸುವ ವಿಶೇಷಗಳು ತಮ್ಮಿಂದ ತಾವೇ ಬೇರೆ ಬೇರೆಯಾಗಿರುವಂಥವು. ಅವುಗಳಲ್ಲೊಂದು ಸಮಾನ ಜಾತಿಯನ್ನಿಟ್ಟರೆ ಆ ಸ್ವರೂಪವೇ ಕೆಡುತ್ತದೆ, ಇದು ರೂಪಹಾನಿ. ಸಮವಾಯದಲ್ಲಿ ಮತ್ತು ಅಭಾವದಲ್ಲಿ ಏನೂ ಸಮವಾಯದಿಂದ ಇರಲಾರದು, ಇದು ಅಸಂಬಂಧ.

ಈ ಹಂತ ಯಾಂತ್ರಿಕವೆಂದು ತೋರಬಹುದಾದರೂ ಕತ್ತಲೆಯನ್ನು ತೆಗೆದುಕೊಂಡಾಗ ಹಾಗಿರುವುದಿಲ್ಲ. ಕತ್ತಲೆ ಕಪ್ಪಾಗಿ ಕಾಣುತ್ತದೆ, ದೀಪ ಸರಿದಂತೆ ತಾನೂ ಸರಿಯುತ್ತದೆ. ಬಣ್ಣವೂ ಚಲನೆಯೂ ಇರುವುದರಿಂದ ಅದು ದ್ರವ್ಯವೆಂದು ಭಾಟ್ಟರು ಹೇಳಿದರು. ಬೆಳಕಿನ ಅಭಾವವೇ ಕತ್ತಲೆ, ಬಣ್ಣವೂ ಚಲನೆಯೂ ಭ್ರಮೆ ಎಂಬುದು ವೈಶೇಷಿಕರ ಉತ್ತರ. ಮೊದಲಿನವರಿಗೆ ತಮಸ್ತ್ವ ಜಾತಿಯಾಗಬಲ್ಲದು, ಎರಡನೆಯವರಿಗೆ ಅಸಂಬಂಧದಿಂದ ಅದು ಬಿದ್ದುಹೋಗುತ್ತದೆ. ವರ್ಗವನ್ನು ಕುರಿತ ವಾದವನ್ನು ಮೊದಲು ಮುಗಿಸದೆ ಮುಂದಿನ ಹಂತಗಳಿಗೆ ಹೋಗುವುದು ವ್ಯರ್ಥಶ್ರಮ.

ವ್ಯಕ್ತಿಗಳನ್ನು ಎಣಿಸುವುದು

ಮೊದಲನೆಯ ಬಾಧಕವಾದ ವ್ಯಕ್ತ್ಯಭೇದದ ಅರ್ಥ ಸರಳ: ವ್ಯಕ್ತಿ ಒಂದೇ ಆಗಿದ್ದರೆ ಜಾತಿಯಿಲ್ಲ. ಆಕಾಶ ಒಂದೇ, ಆದ್ದರಿಂದ ಆಕಾಶತ್ವ ಜಾತಿಯಲ್ಲ. ಕಾಲ, ದಿಕ್ಕುಗಳಿಗೂ ಇದೇ ಮಾತು. ಎಣಿಸುವಾಗ ಎರಡು ಎಚ್ಚರಿಕೆಗಳು ಬೇಕು. ಈಗ ಇರುವ ವ್ಯಕ್ತಿಗಳನ್ನಷ್ಟೇ ಅಲ್ಲದೆ ಹಿಂದೆ ಇದ್ದವನ್ನೂ ಮುಂದೆ ಬರುವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನರಸಿಂಹ ಒಬ್ಬನೇ ಅಲ್ಲವೇ ಎಂದರೆ, ಕಲ್ಪಕಲ್ಪಕ್ಕೂ ನರಸಿಂಹಶರೀರ ಬೇರೆಯಾದ್ದರಿಂದ ನರಸಿಂಹತ್ವವು ಜಾತಿಯೇ ಎಂದು ನೈಯಾಯಿಕರು ತಣ್ಣಗೆ ಉತ್ತರಿಸುತ್ತಾರೆ. ಶಾಸ್ತ್ರ ಓದುವಾಗ ಸಿಗುವ ಇಂಥ ಪುಟ್ಟ ಸಂತೋಷಗಳು ಕಡಿಮೆಯೇನಲ್ಲ.

ಎರಡನೆಯ ಎಚ್ಚರಿಕೆ ಇದಕ್ಕಿಂತ ಆಳವಾದದ್ದು: ಯಾವುದನ್ನು ಒಂದು ವ್ಯಕ್ತಿ ಎಂದು ಎಣಿಸುತ್ತಿದ್ದೀರಿ? ನ್ಯಾಯ-ವೈಶೇಷಿಕರ ಪ್ರಕಾರ ಬಟ್ಟೆ ನೂಲುಗಳ ರಾಶಿಯಲ್ಲ. ನೂಲುಗಳಲ್ಲಿ ಸಮವೇತವಾಗಿ ಹೊಸದಾಗಿ ಹುಟ್ಟಿದ ಒಂದು ದ್ರವ್ಯ, ಅವಯವಿ. ಹಾಗಾದರೆ ಒಂದು ನೂಲನ್ನು ಕಿತ್ತಾಗ ಹಳೆಯ ಬಟ್ಟೆ ನಾಶವಾಗಿ, ಉಳಿದ ನೂಲುಗಳಿಂದ ಖಂಡಪಟವೆಂಬ ಬೇರೊಂದು ಬಟ್ಟೆ ಹುಟ್ಟಿತೆನ್ನಬೇಕು, ಅವರು ಹಾಗೆಯೇ ಹೇಳುತ್ತಾರೆ. ಕುಂಬಾರನ ಆವಿಗೆಯಲ್ಲಿ ಕಪ್ಪು ಮಡಕೆ ಕೆಂಪಾಗುವಾಗ ಏನಾಗುತ್ತದೆ ಎಂಬಲ್ಲಿ ಎರಡು ಶಾಸ್ತ್ರಗಳೂ ಬೇರೆಯಾಗುತ್ತವೆ. ಬೆಂಕಿಯಲ್ಲಿ ಮಡಕೆ ಪರಮಾಣುಗಳವರೆಗೆ ಒಡೆದು, ಪರಮಾಣುಗಳ ಬಣ್ಣ ಬದಲಾಗಿ, ಮತ್ತೆ ಹೊಸ ಮಡಕೆ ಕೂಡಿಕೊಳ್ಳುತ್ತದೆ ಎಂಬುದು ವೈಶೇಷಿಕರ ಪೀಲುಪಾಕವಾದ. ಇಡೀ ಮಡಕೆಯೇ ಹಾಗೆಯೇ ಇದ್ದು ಬಣ್ಣ ಮಾತ್ರ ಬದಲಾಗುತ್ತದೆ ಎಂಬುದು ನೈಯಾಯಿಕರ ಪಿಠರಪಾಕವಾದ. ಒಳಗಿಟ್ಟ ಮಡಕೆಯನ್ನೇ ಹೊರಗೆ ತೆಗೆದೆವು ಎಂದು ನಂಬುವ ನಮ್ಮಂಥವರಿಗೆ ಎರಡನೆಯದೇ ಹಿಡಿಸುತ್ತದೆ.

ಈ ತತ್ತ್ವವನ್ನು ಶರೀರಕ್ಕೆ ಅನ್ವಯಿಸಿದಾಗ ಅನಿರೀಕ್ಷಿತವಾದ ಫಲ ಸಿಗುತ್ತದೆ. ಅವಯವಗಳು ಸೇರಿ ಹೋಗಿ ಪರಿಮಾಣ ಬದಲಾದಂತೆ ಬಾಲ್ಯದ ಶರೀರ ಬೇರೆ, ಯೌವನದ ಶರೀರ ಬೇರೆ. ಆದ್ದರಿಂದ ಚೈತ್ರನೆಂಬ ಒಬ್ಬನ ಹೆಸರಿನ ಹಿಂದೆಯೂ ಅನೇಕ ಶರೀರಗಳಲ್ಲಿ ಅನುಗತವಾದ ಚೈತ್ರತ್ವ ಜಾತಿಯನ್ನು ಅವರು ಒಪ್ಪುತ್ತಾರೆ. "ಇದು ಒಬ್ಬನದೇ ಹೆಸರು, ಆದ್ದರಿಂದ ಜಾತಿಯಿಲ್ಲ" ಎಂದು ಅವಸರದಿಂದ ಬರೆದವರು ಇಲ್ಲಿ ಎಡವುತ್ತಾರೆ.

ತುಲ್ಯತ್ವದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಘಟತ್ವ, ಕಲಶತ್ವ ಎಂದು ಎರಡು ಹೆಸರಿದ್ದರೂ ವ್ಯಕ್ತಿಗಳು ಒಂದೇ ಆದ್ದರಿಂದ ಜಾತಿಯೂ ಒಂದೇ. ಅಮೆರಿಕದ ತತ್ತ್ವಶಾಸ್ತ್ರಜ್ಞ ಕ್ವೈನ್ ಕೊಟ್ಟ ಪ್ರಸಿದ್ಧ ಉದಾಹರಣೆಯಲ್ಲಿ ಹೃದಯವಿರುವ ಪ್ರಾಣಿಗಳೂ ಮೂತ್ರಪಿಂಡವಿರುವ ಪ್ರಾಣಿಗಳೂ ಒಂದೇ. ಅರ್ಥ ಮಾತ್ರ ಬೇರೆ. ಉದಯನನ ನಿಯಮದಂತೆ ಇಲ್ಲಿ ಎರಡು ಜಾತಿಗಳನ್ನು ಒಪ್ಪುವಂತಿಲ್ಲ. ಅರ್ಥಭೇದ ಎಲ್ಲಿ ಹೋಯಿತು ಎಂದರೆ, "ಹೃದಯವಿರುವಿಕೆ"ಯಂಥ ಧರ್ಮಗಳು ಬಿಡಿಸಿ ಹೇಳಬಹುದಾದ ಉಪಾಧಿಗಳು, ಅಂದರೆ ಜಾತಿಯಲ್ಲದಿದ್ದರೂ ಪದದ ಬಳಕೆಗೆ ಆಧಾರವಾಗುವ ಧರ್ಮಗಳು. ಉಪಾಧಿಗಳು ಎಷ್ಟಿದ್ದರೂ ಅಡ್ಡಿಯಿಲ್ಲ.

ಸಂಕರ: ಪರೀಕ್ಷೆಯ ನಿಜವಾದ ಕಷ್ಟ

ಸಂಕರವನ್ನು ನಾನು ಕೊನೆಗೆ ಇರಿಸಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಎರಡು ಧರ್ಮಗಳು ಬೇಕು. ನಿಮ್ಮ ಧರ್ಮದ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಮೂರು ಪ್ರಶ್ನೆಗಳನ್ನು ಕೇಳಿ: ಮೊದಲನೆಯದಿದ್ದು ಎರಡನೆಯದಿಲ್ಲದ ವಸ್ತುವಿದೆಯೇ, ಎರಡನೆಯದಿದ್ದು ಮೊದಲನೆಯದಿಲ್ಲದ ವಸ್ತುವಿದೆಯೇ, ಎರಡೂ ಇರುವ ವಸ್ತುವಿದೆಯೇ? ಮೂರಕ್ಕೂ ಹೌದೆಂದಾದರೆ ಸಂಕರ. ಪೃಥಿವೀತ್ವ ದ್ರವ್ಯತ್ವದೊಳಗೆ, ದ್ರವ್ಯತ್ವ ಸತ್ತೆಯೊಳಗೆ (ಇರುವಿಕೆಯೆಂಬ ಜಾತಿಯೊಳಗೆ) ಇರುವಂತೆ, ಒಂದೇ ವ್ಯಕ್ತಿಯಲ್ಲಿ ಕೂಡುವ ಜಾತಿಗಳು ಒಂದರೊಳಗೊಂದು ಅಡಗಿರಬೇಕು, ಒಂದನ್ನೊಂದು ಅಡ್ಡಹಾಯುವಂತಿಲ್ಲ. ಶಾಸ್ತ್ರದ ಉದಾಹರಣೆ ಭೂತತ್ವ (ಪಂಚಭೂತಗಳಲ್ಲಿ ಒಂದಾಗಿರುವಿಕೆ) ಮತ್ತು ಮೂರ್ತತ್ವ (ಮಿತವಾದ ಪರಿಮಾಣವಿರುವಿಕೆ): ಆಕಾಶ ಭೂತ, ಆದರೆ ಮೂರ್ತವಲ್ಲ, ಮನಸ್ಸು ಮೂರ್ತ, ಆದರೆ ಭೂತವಲ್ಲ, ಭೂಮಿ, ನೀರು, ಬೆಂಕಿ, ಗಾಳಿ ಎರಡೂ ಹೌದು. ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ತನ್ನ ಕೊನೆಯ ವರ್ಷಗಳಲ್ಲಿ ವರ್ಗವಾಚಕ ಪದಗಳ ಬಗ್ಗೆ ಹೆಚ್ಚುಕಡಿಮೆ ಇದೇ ನಿಯಮವನ್ನು ಮುಂದಿಟ್ಟನೆಂಬುದು ಗಮನಾರ್ಹ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಸಂಕರ ಸಿಕ್ಕೊಡನೆ ಪರೀಕ್ಷೆಗೆ ಇಟ್ಟ ಧರ್ಮವನ್ನೇ ತಳ್ಳಿಹಾಕುವುದು. ಎರಡೂ ಜಾತಿಗಳಾಗಲಾರವು ಎಂಬುದಷ್ಟೇ ಸಂಕರದಿಂದ ಸಿದ್ಧವಾಗುತ್ತದೆ. ಯಾವುದು ಬೀಳಬೇಕು ಎಂಬುದನ್ನು ಬೇರೆ ಯುಕ್ತಿಯಿಂದ ನಿರ್ಣಯಿಸಬೇಕು. ಇಂದ್ರಿಯತ್ವವೂ ಪೃಥಿವೀತ್ವವೂ ಅಡ್ಡಹಾಯುತ್ತವೆ: ಮೂಗೆಂಬ ಇಂದ್ರಿಯ ಪಾರ್ಥಿವ, ಕಣ್ಣು ತೈಜಸ (ತೇಜಸ್ಸಿನದು, ಅಂದರೆ ಬೆಂಕಿಯ ವರ್ಗದ್ದು), ಮಡಕೆ ಪಾರ್ಥಿವವಾದರೂ ಇಂದ್ರಿಯವಲ್ಲ. ಮುಕ್ತಾವಳಿ ಇಂದ್ರಿಯತ್ವವನ್ನು ಬಿಟ್ಟುಕೊಟ್ಟು ಪೃಥಿವೀತ್ವವನ್ನು ಉಳಿಸಿಕೊಳ್ಳುತ್ತದೆ, ಏಕೆಂದರೆ ಗಂಧಕ್ಕೆ ಸಮವಾಯಿಕಾರಣವಾಗುವ, ಅಂದರೆ ಗಂಧವು ಸಮವಾಯದಿಂದ ಹುಟ್ಟುವ, ವಸ್ತುಗಳನ್ನು ಒಟ್ಟುಗೂಡಿಸಲು ಪೃಥಿವೀತ್ವ ಬೇಕೇ ಬೇಕು. ಕಾರ್ಯಕಾರಣಭಾವಕ್ಕೆ ಬೇಕಾದದ್ದು ಉಳಿಯಲಿ, ಬೇಡದ್ದು ಹೋಗಲಿ ಎಂಬ ಈ ಮಾನದಂಡವನ್ನು ನೀವೂ ಬಳಸಬಹುದು.

ಈಗ ಶಾಸ್ತ್ರದ ಮುದ್ದಿನ ಉದಾಹರಣೆಯಾದ ಘಟತ್ವವನ್ನೇ ಪರೀಕ್ಷೆಗೆ ಇಡಿ. ನ್ಯಾಯ-ವೈಶೇಷಿಕರಿಗೆ ಚಿನ್ನ ಪೃಥಿವಿಯಲ್ಲ, ತೇಜಸ್ಸು; ಎಷ್ಟೇ ಕಾಯಿಸಿದರೂ ಅದರ ದ್ರವತ್ವ ನಾಶವಾಗದಿರುವುದೇ ಅದಕ್ಕೆ ಅವರು ಕೊಡುವ ಯುಕ್ತಿ. ಬಟ್ಟೆಯಲ್ಲಿ ಪೃಥಿವೀತ್ವವಿದೆ, ಘಟತ್ವವಿಲ್ಲ. ಚಿನ್ನದ ಕೊಡದಲ್ಲಿ ಘಟತ್ವವಿದೆ, ಪೃಥಿವೀತ್ವವಿಲ್ಲ. ಮಣ್ಣಿನ ಕೊಡದಲ್ಲಿ ಎರಡೂ ಇವೆ. ಎಲ್ಲ ಪಾಠಗಳೂ ಆರಂಭವಾಗುವ ಘಟತ್ವವೇ ಸಂಕರದಲ್ಲಿ ಸಿಕ್ಕಿಬಿತ್ತು. ಚಿನ್ನ ತೇಜಸ್ಸೆಂಬುದನ್ನು ನೀವು ಒಪ್ಪದಿದ್ದರೂ ತೊಂದರೆ ತಪ್ಪುವುದಿಲ್ಲ: ತಾಮ್ರದ ಕೊಡ, ತಾಮ್ರದ ತಂತಿ, ಮಣ್ಣಿನ ಕೊಡ ಈ ಮೂರನ್ನಿಟ್ಟರೆ ತಾಮ್ರತ್ವವೂ ಘಟತ್ವವೂ ಅಡ್ಡಹಾಯುತ್ತವೆ. ಮನುಷ್ಯರು ಮಾಡಿದ ಪ್ರತಿಯೊಂದು ವಸ್ತುವಿನಲ್ಲಿಯೂ ಇದು ನಡೆಯುತ್ತದೆ. ನಾವು ಅವುಗಳಿಗೆ ಹೆಸರಿಡುವುದು ಆಕಾರ ಮತ್ತು ಉಪಯೋಗ ನೋಡಿ, ಅವನ್ನು ಮಾಡುವುದು ಸಿಕ್ಕಿದ ದ್ರವ್ಯದಿಂದ.

ಇಲ್ಲಿ ದಾರಿಗಳು ಮೂರು. ಮಣ್ಣಿನ ಕೊಡದಲ್ಲಿರುವ ಘಟತ್ವ ಬೇರೆ, ಚಿನ್ನದ ಕೊಡದಲ್ಲಿರುವುದು ಬೇರೆ, ಒಂದೊಂದೂ ತನ್ನ ದ್ರವ್ಯದ ಜಾತಿಯೊಳಗೆ ಅಡಗಿದೆ ಎಂದು ಹೇಳುವುದು ಒಂದು. ನೈಯಾಯಿಕರು ಹಿಡಿದ ದಾರಿ ಇದು. ಇದರಿಂದ ಸಂಕರ ತಪ್ಪುತ್ತದೆ, ಆದರೆ ಎರಡೂ ಕೊಡಗಳನ್ನು ಕಂಡು "ಕೊಡ, ಕೊಡ" ಎನ್ನುವ ಅನುಗತಪ್ರತೀತಿಗೆ ಯಾವ ಒಂದು ಆಧಾರವೂ ಉಳಿಯುವುದಿಲ್ಲ. ಜಾತಿಯನ್ನು ಒಪ್ಪಿದ್ದೇ ಆ ಪ್ರತೀತಿಗಾಗಿ ಎಂಬುದನ್ನು ನೆನೆದರೆ ಇದು ಸಣ್ಣ ನಷ್ಟವಲ್ಲ. ಸಂಕರ ದೋಷವೇ ಅಲ್ಲವೆಂದು ಘೋಷಿಸುವುದು ಇನ್ನೊಂದು, ನವ್ಯನೈಯಾಯಿಕರಲ್ಲಿ ಕೆಲವರು ಹಾಗೆ ಮಾಡಿದ್ದಾರೆ. ಮೂರನೆಯದಾಗಿ, ಕೊಡವಾಗಿರುವಿಕೆಯನ್ನು ಅವಯವಗಳ ಜೋಡಣೆಗೆ ಸೇರಿಸಬಹುದು. ಜೋಡಣೆಯೆಂಬುದು ಸಂಯೋಗ, ಸಂಯೋಗ ಒಂದು ಗುಣ, ಅದರ ಜಾತಿ ದ್ರವ್ಯದ ಜಾತಿಯೊಂದಿಗೆ ಅಡ್ಡಹಾಯುವ ಪ್ರಶ್ನೆಯೇ ಬರುವುದಿಲ್ಲ. ಜಾತಿಯೆಂದರೆ ಸಂಸ್ಥಾನವೇ (ಅವಯವಗಳ ಜೋಡಣೆಯೇ) ಎನ್ನುವ ವಿಶಿಷ್ಟಾದ್ವೈತಿಗಳ ಮಾತು ಇದಕ್ಕೆ ಹತ್ತಿರವಾದದ್ದು. ಮಾಡಿದ ವಸ್ತುಗಳ ಮಟ್ಟಿಗೆ ನಾನು ಮೂರನೆಯದನ್ನೇ ಆರಿಸುತ್ತೇನೆ. ಹಸು, ಮಾವು, ನೀರುಗಳ ವಿಷಯದಲ್ಲಿ ಅದು ಅಷ್ಟು ಸಹಜವಾಗಿ ಒದಗುವುದಿಲ್ಲ.

ಬಿದ್ದ ಪದಕ್ಕೆ ಉಪಾಧಿಯನ್ನು ಕಟ್ಟುವುದು

ಒಂದು ಧರ್ಮ ಜಾತಿಯಲ್ಲವೆಂದು ತೀರ್ಮಾನವಾದ ಮೇಲೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಡಿ. ಆ ಪದವನ್ನು ಎಲ್ಲರೂ ಒಂದೇ ರೀತಿ ಬಳಸುತ್ತಿರುವುದಕ್ಕೆ ಕಾರಣವೇನೆಂದು ಹೇಳಬೇಕಾಗುತ್ತದೆ. ಅದಕ್ಕಾಗಿ ಉಪಾಧಿಯನ್ನು ಬಿಡಿಸಿ ಬರೆಯಿರಿ. ಶಾಸ್ತ್ರ ಪಶುತ್ವವನ್ನು "ರೋಮವುಳ್ಳ ಬಾಲವಿರುವಿಕೆ" ಎಂದೂ, ಭೂತತ್ವವನ್ನು "ಹೊರಗಿನ ಇಂದ್ರಿಯಕ್ಕೆ ಗೋಚರವಾಗುವ ವಿಶೇಷಗುಣವಿರುವಿಕೆ" ಎಂದೂ ಬಿಡಿಸುತ್ತದೆ. ಹೀಗೆ ಬಿಡಿಸಬಹುದಾದದ್ದು ಸಖಂಡೋಪಾಧಿ. ಬರೆದ ಮೇಲೆ ಅದು ಬೇಕಾದುದನ್ನೆಲ್ಲ ಒಳಗೊಂಡಿದೆಯೇ, ಬೇಡದ್ದಕ್ಕೆ ಹಬ್ಬಿದೆಯೇ ಎಂದು ಅವ್ಯಾಪ್ತಿ-ಅತಿವ್ಯಾಪ್ತಿಗಳನ್ನು ಪರೀಕ್ಷಿಸಿ.

ಕುರ್ಚಿಯನ್ನು ತೆಗೆದುಕೊಳ್ಳಿ. ಕುರ್ಚಿತ್ವ ಅನುಗತಪ್ರತೀತಿಯ ಹಂತವನ್ನು ದಾಟುತ್ತದೆ, ವ್ಯಕ್ತಿಗಳು ಅನೇಕ, ವರ್ಗ ದ್ರವ್ಯ. ಆದರೆ ಮರದ ಕುರ್ಚಿ, ಮರದ ಮಂಚ, ಕಬ್ಬಿಣದ ಕುರ್ಚಿಗಳನ್ನು ಒಟ್ಟಿಗಿಟ್ಟಾಗ ಸಂಕರ ಬರುತ್ತದೆ, ಕಾರ್ಯಕಾರಣಭಾವದ ಮಾನದಂಡವೂ ಕುರ್ಚಿತ್ವದ ಪರವಾಗಿ ಏನೂ ಹೇಳುವುದಿಲ್ಲ. ಉಪಾಧಿಯನ್ನು "ಕುಳಿತುಕೊಳ್ಳಲು ಮಾಡಿದ್ದು" ಎಂದು ಬರೆದರೆ ಮಣೆಗೂ ಚಾಪೆಗೂ ಅತಿವ್ಯಾಪ್ತಿಯಾಗುತ್ತದೆ. "ನಾಲ್ಕು ಕಾಲುಳ್ಳದ್ದು" ಎಂದರೆ ಕಚೇರಿಯ ತಿರುಗುಕುರ್ಚಿಯಲ್ಲಿ ಅವ್ಯಾಪ್ತಿ. "ನೆಲದಿಂದ ಎತ್ತರಿಸಿದ, ಬೆನ್ನಿಗೆ ಆಸರೆಯುಳ್ಳ, ಒಬ್ಬರು ಕುಳಿತುಕೊಳ್ಳಲೆಂದು ಮಾಡಿದ ಜೋಡಣೆಯುಳ್ಳದ್ದು" ಎಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಇದರೊಳಗಿನ ಬೆನ್ನು, ನೆಲ, ಕುಳಿತುಕೊಳ್ಳುವುದು ಎಂಬ ಪದಗಳನ್ನೂ ಮತ್ತೆ ಬಿಡಿಸುತ್ತ ಹೋದರೆ ಎಲ್ಲಿಯಾದರೂ ಜಾತಿಗಳಲ್ಲಿ ತಂಗಬೇಕಾಗುತ್ತದೆ. ಎಲ್ಲ ಪದಗಳಿಗೂ ಉಪಾಧಿಯೇ ಸಾಕು, ಜಾತಿಯೇ ಬೇಡ ಎನ್ನುವವರಿಗೆ ನೈಯಾಯಿಕರು ತೋರಿಸಬಲ್ಲ ತೊಡಕು ಇದು. ಆಸ್ಟ್ರೇಲಿಯದ ಡೇವಿಡ್ ಆರ್ಮ್‌ಸ್ಟ್ರಾಂಗ್ 1978ರಲ್ಲಿ ಪ್ರಕಟಿಸಿದ ತನ್ನ ಕೃತಿಯಲ್ಲಿ, ಪ್ರತಿಯೊಂದು ವಿಧೇಯಪದಕ್ಕೂ ಒಂದು ಸಾಮಾನ್ಯವಿರಬೇಕಿಲ್ಲ, ಯಾವ ಸಾಮಾನ್ಯಗಳಿವೆ ಎಂಬುದನ್ನು ವಿಜ್ಞಾನದ ಶೋಧನೆ ನಿರ್ಧರಿಸಬೇಕು ಎಂದು ವಾದಿಸಿದ. ಬಾಧಕಗಳ ಪಟ್ಟಿಯಿಲ್ಲದಿದ್ದರೂ ಮನೋಧರ್ಮ ಇದೇ.

ಪರೀಕ್ಷೆಯನ್ನೇ ಒಪ್ಪದವರೊಡನೆ

ಕರ್ನಾಟಕದಲ್ಲಿ ತರ್ಕ ಓದುವವರು ಬೇಗನೆ ಎದುರಿಸಬೇಕಾದ ಆಕ್ಷೇಪ ಮಾಧ್ವರದು. ಮಧ್ವಾಚಾರ್ಯರ ಮತದಲ್ಲಿ ಸಮವಾಯವೂ ಇಲ್ಲ, ಅನೇಕ ವ್ಯಕ್ತಿಗಳನ್ನು ವ್ಯಾಪಿಸಿದ ನಿತ್ಯವಾದ ಒಂದು ಜಾತಿಯೂ ಇಲ್ಲ. ಈ ಹಸುವಿನ ಗೋತ್ವ ಇದರದೇ, ಆ ಹಸುವಿನದು ಅದರದೇ. ಒಂದೇ ಪದ ಎರಡಕ್ಕೂ ಸಲ್ಲುವುದು ಸಾದೃಶ್ಯದಿಂದ. ಮುಂದೆ ಜಯತೀರ್ಥರೂ, ವಿಜಯನಗರದ ಕಾಲದ ವ್ಯಾಸತೀರ್ಥರೂ ನ್ಯಾಯ-ವೈಶೇಷಿಕರ ಸಿದ್ಧಾಂತಗಳನ್ನು ದ್ವೈತದ ನೆಲೆಯಿಂದ ಸವಿಸ್ತಾರವಾಗಿ ವಿಮರ್ಶಿಸಿದರು. 1953ರಲ್ಲಿ ಅಮೆರಿಕದ ಡೊನಾಲ್ಡ್ ವಿಲಿಯಮ್ಸ್ ಮಂಡಿಸಿದ, ಒಂದೊಂದು ವಸ್ತುವಿನ ಗುಣವೂ ಆ ವಸ್ತುವಿಗೇ ಮೀಸಲು ಎಂಬ ವಾದಕ್ಕೂ ಇದಕ್ಕೂ ಸಾಮ್ಯವಿದೆ.

ಇಂಥ ನಿಲುವನ್ನು ಪರೀಕ್ಷಿಸುವಾಗ ಆರು ಬಾಧಕಗಳನ್ನು ಅದರ ಮೇಲೆ ಹೇರಿ ಫಲವಿಲ್ಲ. ಅನುಗತವಾದ ಜಾತಿಯೇ ಇಲ್ಲದಿರುವಲ್ಲಿ ಸಂಕರವಾಗಲಿ ತುಲ್ಯತ್ವವಾಗಲಿ ಯಾವುದಕ್ಕೆ ಅಡ್ಡಿಬಂದಾವು? ಚಿನ್ನದ ಕೊಡದ ತೊಡಕೂ ಅಲ್ಲಿ ಹುಟ್ಟುವುದಿಲ್ಲ ಎಂಬುದು ಈ ಪಕ್ಷದ ದೊಡ್ಡ ಲಾಭ. ಕೇಳಬೇಕಾದ ಪ್ರಶ್ನೆ ಬೇರೆ: ಎರಡು ಹಸುಗಳ ನಡುವಿನ ಸಾದೃಶ್ಯ, ಇನ್ನೆರಡರ ನಡುವಿನ ಸಾದೃಶ್ಯ ಇವೆರಡನ್ನೂ "ಸಾದೃಶ್ಯ" ಎಂದು ಕರೆಯಲು ಕಾರಣವೇನು? ಬರ್ಟ್ರಂಡ್ ರಸೆಲ್ 1912ರಲ್ಲಿ ಇದೇ ಪ್ರಶ್ನೆಯನ್ನೆತ್ತಿ, ಕೊನೆಗೆ ಸಾದೃಶ್ಯವನ್ನಾದರೂ ಸಾಮಾನ್ಯವೆಂದು ಒಪ್ಪಲೇಬೇಕಾಗುತ್ತದೆ ಎಂದ. ಆದರೆ ನೈಯಾಯಿಕರಿಗೆ ಈ ಮಾತನ್ನು ಹಾಗೆಯೇ ಎರವಲು ಪಡೆಯುವ ಅವಕಾಶವಿಲ್ಲ, ಏಕೆಂದರೆ ಘಟತ್ವ, ಪಟತ್ವ, ಗೋತ್ವಗಳನ್ನೆಲ್ಲ "ಜಾತಿ" ಎಂಬ ಒಂದೇ ಹೆಸರಿನಿಂದ ಕರೆಯುವಾಗ ಅವರೂ ಅನವಸ್ಥೆಗೆ ಹೆದರಿ ಜಾತಿತ್ವವನ್ನು ಉಪಾಧಿಯೆಂದೇ ಇಟ್ಟಿದ್ದಾರೆ. ಅಲ್ಲಿ ಅನುಗತಪ್ರತೀತಿಗೆ ಉಪಾಧಿ ಸಾಕಾಗುವುದಾದರೆ ಸಾದೃಶ್ಯದಲ್ಲಿ ಏಕೆ ಸಾಕಾಗದು ಎಂದು ಮಾಧ್ವರು ಮರಳಿ ಕೇಳಬಹುದು. ಈ ಹಂತಕ್ಕೆ ಬಂದಾಗ ಎರಡೂ ಪಕ್ಷಗಳು ಎಲ್ಲೆಲ್ಲಿ ಜಾತಿಯಿಲ್ಲದೆ ನಿರ್ವಹಿಸಿವೆ ಎಂಬುದನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡು ವಾದವನ್ನು ಮುಂದುವರಿಸಿ.